ಕಟ್ಟಿದ ತೆರಿಗೆ ಯಾರ ಕೈಗೆ ಹೋಗುತ್ತದೆ? ಮಂಗಳೂರಿನ ಲೆಕ್ಕ ಗೊತ್ತಿದ್ದವರು ತಿಳಿಸಿ

ಕದ್ರಿಪದವು:
ಪಾಲಿಕೆಯ ಆಸ್ತಿ ತೆರಿಗೆ ಚಲನ್‌ನಲ್ಲಿ ತೆರಿಗೆಯ ಕೆಳಗೆ ನಾಲ್ಕೈದು ಕರಗಳು ಬೇರೆ ಸೇರುತ್ತವೆ. ಅದಲ್ಲದೆ ಆದಾಯ ತೆರಿಗೆ, ಜಿಎಸ್‌ಟಿ. ರಸ್ತೆಯಲ್ಲಿ ಹೊಂಡ, ಜೂನ್ ಬಂತೆಂದರೆ ಮ್ಯಾನ್‌ಹೋಲ್ ಉಕ್ಕುವುದು ಇದ್ದದ್ದೇ. ಕೆಲಸ ಆಗುವವರೆಗೆ ಆಸ್ತಿ ತೆರಿಗೆ ಕಟ್ಟುವುದೇ ಬೇಡ ಎಂದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಲವರು ಹೇಳುತ್ತಿದ್ದಾರೆ. ಯಾವ ದುಡ್ಡು ಎಲ್ಲಿಗೆ ಹೋಗುತ್ತದೆ, ಯಾವುದನ್ನು ಯಾರ ಹತ್ತಿರ ಕೇಳಬೇಕು, ಕಟ್ಟದೆ ಕೂತರೆ ಎಂತ ಆಗುತ್ತದೆ, ಸರಿಯಾಗಿ ತಿಳಿದವರು ಹೇಳಬಹುದಾ?

ಚಲನ್ ಲೆಕ್ಕ:
ಮೊದಲು ಕೊನೆಯ ಪ್ರಶ್ನೆಗೆ. ಕಟ್ಟದೆ ಕೂತರೆ ನಷ್ಟ ನಿಮಗೇ. ಏಪ್ರಿಲ್ 30ರೊಳಗೆ ಕಟ್ಟಿದರೆ 5% ರಿಯಾಯಿತಿ ಉಂಟು, ಕೆಲವು ವರ್ಷ ಸರ್ಕಾರ ಈ ಗಡುವನ್ನು ಮುಂದೂಡಿದ್ದೂ ಉಂಟು. ಜೂನ್ ಕಳೆದ ಮೇಲೆ ತಿಂಗಳಿಗೆ 2% ದಂಡ ಬೀಳುತ್ತದೆ. ಬಾಕಿ ಇಟ್ಟುಕೊಂಡರೆ ನಾಳೆ ಆಸ್ತಿ ದಾಖಲೆಯ ಇ-ಖಾತಾಕ್ಕೆ ಹೋದಾಗ ಅಲ್ಲೇ ಸಿಕ್ಕಿಬೀಳುತ್ತೀರಿ.

ಇನ್ನು ಕರಗಳು. ಆಸ್ತಿ ತೆರಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಕರ 15%, ಅಂದರೆ 1,500. ಗ್ರಂಥಾಲಯ ಕರ 6%, 600. ಭಿಕ್ಷುಕರ ಕರ 3%, 300. ನಗರ ಸಾರಿಗೆ ಕರ 2%, 200. ಒಟ್ಟು 2,600. ಕಸ ವಿಲೇವಾರಿ ಶುಲ್ಕ ಇದರ ಹೊರಗೆ. ಮುಖ್ಯ ವಿಷಯ ಏನೆಂದರೆ, ಈ 2,600 ಪಾಲಿಕೆ ತನ್ನ ಇಷ್ಟದಂತೆ ಖರ್ಚು ಮಾಡುವ ದುಡ್ಡಲ್ಲ. ಗ್ರಂಥಾಲಯ ಕರ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಬರುವಂಥದ್ದು, ಗ್ರಂಥಾಲಯಗಳಿಗೇ ಸೇರಬೇಕು. ಭಿಕ್ಷುಕರ ಕರದಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ, ನಮ್ಮಲ್ಲಿ ಅದು ಪಚ್ಚನಾಡಿಯಲ್ಲಿ ಉಂಟು. ಪಾಲಿಕೆಯ ಸ್ವಂತ ಕೆಲಸಕ್ಕೆ ಸಿಗುವುದು ಮೇಲಿನ 10,000 ಮಾತ್ರ. ವಾರ್ಡಿನ ರಸ್ತೆ, ಚರಂಡಿ, ಬೀದಿದೀಪಕ್ಕೆ ಕೈಯಲ್ಲಿರುವ ದುಡ್ಡಿನಲ್ಲಿ ದೊಡ್ಡ ಪಾಲು ಅದೇ. ಅದನ್ನೇ ತಡೆಹಿಡಿದರೆ ಮೊದಲು ನಿಲ್ಲುವುದು ನಿಮ್ಮ ವಾರ್ಡಿನ ಸಣ್ಣ ರಿಪೇರಿ.

ಹೊಳೆಬದಿ:
ಮ್ಯಾನ್‌ಹೋಲ್ ವಿಷಯ ನಾನು ಹೇಳುತ್ತೇನೆ, ಇದು ಬರೀ ದುಡ್ಡಿನ ಪ್ರಶ್ನೆ ಅಲ್ಲ. ಮಂಗಳೂರು ಗುಡ್ಡದ ಊರು. ಕೊಳಚೆ ತಗ್ಗಿಗೆ ಇಳಿದು, ಅದನ್ನು ಕೂಡಿಸಿಡುವ ಬಾವಿಯಂಥ ವೆಟ್‌ವೆಲ್‌ನಲ್ಲಿ ಸೇರುತ್ತದೆ. ಅಲ್ಲಿಂದ ಪಂಪ್ ಮಾಡಿ ಕಾವೂರು, ಬಜಾಲ್, ಸುರತ್ಕಲ್ ಮುಂತಾದ ಕಡೆಯ ಶುದ್ಧೀಕರಣ ಘಟಕಗಳಿಗೆ ಮುಟ್ಟಿಸಬೇಕು. ಕರೆಂಟ್ ಹೋಗಿ ಜನರೇಟರ್ ಕೈಕೊಟ್ಟರೆ ವೆಟ್‌ವೆಲ್ ತುಂಬುತ್ತದೆ, ನೀರು ಹಿಂದಕ್ಕೆ ಒತ್ತಿ ತಗ್ಗಿನ ಮ್ಯಾನ್‌ಹೋಲ್‌ನಿಂದ ಉಕ್ಕುತ್ತದೆ.

ಎರಡನೆಯ ಕಾರಣ ನಮ್ಮ ಮನೆಗಳದ್ದೇ. ಟೆರೇಸ್ ನೀರಿನ ಪೈಪನ್ನು ಯುಜಿಡಿ (ಒಳಚರಂಡಿ) ಚೇಂಬರಿಗೆ ಜೋಡಿಸಿದವರು ಬೇಕಾದಷ್ಟು ಜನ. ಲೆಕ್ಕ ಹಾಕಿ: 1,000 ಚದರಡಿ ಟೆರೇಸ್ ಎಂದರೆ ಸುಮಾರು 93 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಮಳೆ ಆಷಾಢದಲ್ಲಿ ನಮಗೆ ಹೊಸತಲ್ಲ. ಅಷ್ಟು ಸುರಿದರೆ ಒಂದೇ ಟೆರೇಸಿನಿಂದ 9,300 ಲೀಟರ್. ಬಚ್ಚಲು, ಪಾಯಿಖಾನೆಯ ನೀರಿಗೆಂದು ಲೆಕ್ಕ ಹಾಕಿದ ಪೈಪು ಇದನ್ನು ತಡೆಯುವುದು ಹೇಗೆ? ನಿಮ್ಮ ಅಪಾರ್ಟ್‌ಮೆಂಟಿನ ಪೈಪ್ ಎಲ್ಲಿ ಬಿಟ್ಟಿದ್ದಾರೆ ನೋಡಿ. ಮಳೆನೀರು ಹೋಗಬೇಕಾದದ್ದು ರಸ್ತೆಬದಿಯ ಚರಂಡಿಗೆ ಅಥವಾ ಇಂಗುಗುಂಡಿಗೆ. ಮೇ ತಿಂಗಳಲ್ಲೇ ಬದಲಿಸಿ.

ಕಸವೂ ಹಾಗೇ. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ರಾಶಿ ಜರಿದು ಪಕ್ಕದ ಮಂದಾರ ಎಂಬ ಊರಿನ ಅಡಿಕೆ, ತೆಂಗಿನ ತೋಟಗಳ ಮೇಲೆ ಕೂತಿತು. ಹಸಿ ಕಸ, ಒಣ ಕಸ ಬೇರೆ ಮಾಡದೆ ಕೊಟ್ಟದ್ದೆಲ್ಲ ಅಂಥ ರಾಶಿಗೇ ಸೇರುವುದು.

ಅಜ್ಜರಕಾಡು:
ರಸ್ತೆ ಹೊಂಡದ ವಿಷಯಕ್ಕೆ ಬರುತ್ತೇನೆ: ಯಾವ ರಸ್ತೆ ಎಂದು ಮೊದಲು ನೋಡಿ. ನಂತೂರು, ಕೂಳೂರು ಹೆದ್ದಾರಿಯ ಹೊಂಡಕ್ಕೆ ಪಾಲಿಕೆಯನ್ನು ಬೈದು ಪ್ರಯೋಜನ ಇಲ್ಲ, ರಾಷ್ಟ್ರೀಯ ಹೆದ್ದಾರಿ 66 ಕೇಂದ್ರದ ಹೆದ್ದಾರಿ ಪ್ರಾಧಿಕಾರದ್ದು, 1033ಕ್ಕೆ ಕರೆ ಮಾಡಿ. ರಾಜ್ಯ ಸರ್ಕಾರದ ಇಲಾಖೆಗಳ ದೂರಿಗೆ 1902.

ಆದಾಯ ತೆರಿಗೆ ಕೇಂದ್ರದ್ದು. 2021ರಿಂದ 2026ರ ಅವಧಿಗೆ, ಕೇಂದ್ರವು ರಾಜ್ಯಗಳೊಂದಿಗೆ ಹಂಚಿಕೊಳ್ಳುವ ತೆರಿಗೆ ಮೊತ್ತದಲ್ಲಿ 41% ಎಲ್ಲ ರಾಜ್ಯಗಳಿಗೆ, ಆ ಪಾಲಿನಲ್ಲಿ ಕರ್ನಾಟಕಕ್ಕೆ 3.647%. ನೂರು ರೂಪಾಯಿಗೆ ಒಂದೂವರೆ ರೂಪಾಯಿಯಷ್ಟಾಯಿತು. ಸೆಸ್, ಸರ್ಚಾರ್ಜ್ ಈ ಹಂಚಿಕೆಗೆ ಬರುವುದೇ ಇಲ್ಲ. ರಾಜ್ಯದೊಳಗಿನ ಖರೀದಿಯ ಜಿಎಸ್‌ಟಿಯಲ್ಲಿ ಮಾತ್ರ ಅರ್ಧ ರಾಜ್ಯಕ್ಕೆ.

ಇದೆಲ್ಲ ಕೈಗೆ ಸಿಗುವುದು ಕಾಯಿಲೆ ಬಂದಾಗ. ಮಂಗಳೂರಿನ ವೆನ್ಲಾಕ್ 1848ರಿಂದ ಇರುವ ಸರ್ಕಾರಿ ಆಸ್ಪತ್ರೆ, ಅಕ್ಕಪಕ್ಕದ ಜಿಲ್ಲೆಗಳವರಿಗೂ ಅದೇ ಗತಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ಗರಿಷ್ಠ 1.5 ಲಕ್ಷ. ಜನ ಎಡವುವುದು ಒಂದೇ ಕಡೆ: ಸೀದಾ ಖಾಸಗಿ ಆಸ್ಪತ್ರೆಗೆ ದಾಖಲಾಗಿ ಆಮೇಲೆ ಕಾರ್ಡ್ ತೋರಿಸುತ್ತಾರೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆ ಬಿಟ್ಟರೆ ಉಳಿದದ್ದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಸೌಲಭ್ಯ ಇಲ್ಲ ಎಂದಾದರೆ ರೆಫರಲ್ ಕೊಡುತ್ತಾರೆ. ಉಡುಪಿಯವರಿಗೆ ಅದು ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ದಯವಿಟ್ಟು ಮನೆಯ ಹಿರಿಯರಿಗೆ ಇದನ್ನು ಈಗಲೇ ಹೇಳಿಡಿ.

ಚಲನ್ ಲೆಕ್ಕ:
ಕದ್ರಿಪದವು ಅವರೇ, ತೆರಿಗೆ ಕಟ್ಟಿ, ಅದರ ಜತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. "ರಸ್ತೆ ಯಾಕೆ ಹಾಳಾಯಿತು" ಎಂದು ಬರೆದರೆ ಅರ್ಜಿ ವ್ಯರ್ಥ, ಯಾಕೆ ಎಂಬುದಕ್ಕೆ ಉತ್ತರ ಕೊಡುವ ಹೊಣೆ ಅವರಿಗಿಲ್ಲ. ಇರುವ ದಾಖಲೆಯನ್ನೇ ಕೇಳಿ: ಇಂಥ ರಸ್ತೆಯ ಕಾಮಗಾರಿ ಆದೇಶ, ಅಂದಾಜು ಪಟ್ಟಿ, ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡುವ ದಾಖಲೆ) ಪುಟಗಳ ನಕಲು, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ. ಆ ಅವಧಿಯೊಳಗೆ ಡಾಂಬರು ಎದ್ದರೆ ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು, ಪಾಲಿಕೆ ಮತ್ತೆ ದುಡ್ಡು ಹಾಕುವ ಅಗತ್ಯ ಇಲ್ಲ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಅಳತೆ ಪುಸ್ತಕ ಕೈಗೆ ಬಂದ ಮೇಲೆ ನಾಲ್ಕು ಜನ ಸೇರಿ ಟೇಪ್ ಹಿಡಿದು ರಸ್ತೆಯ ಉದ್ದ, ಅಗಲ ಅಳೆಯಿರಿ. ವ್ಯತ್ಯಾಸ ಕಂಡರೆ ಫೋಟೋ ಸಮೇತ ಆಯುಕ್ತರಿಗೆ ಬರೆದು ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.