ಗಾಡ್ಜಿಲ್ಲಾ ಯಾವಾಗ ಬರುತ್ತೆ? ನೋಡಿದವರು ಹೇಳಿ

ಮಗನಿಗೆ 8 ವರ್ಷ. ಭಾನುವಾರ ಮನೆಯಲ್ಲಿ 2014ರ ಹಾಲಿವುಡ್ ದೈತ್ಯಪ್ರಾಣಿ ಸಿನಿಮಾ ‘ಗಾಡ್ಜಿಲ್ಲಾ’ ಹಾಕೋಣ ಅಂತಿದ್ದೇನೆ. ಕೆಲವರು ಸೂಪರ್ ಅಂತಾರೆ, ಕೆಲವರು ನಿದ್ದೆ ಬಂತು ಅಂತಾರೆ. ನಿಮ್ಮ ಅನುಭವ ಏನು?

— ಎರಡೂ ನಿಜ. ನಾನು ಬೆಂಗಳೂರಿನಲ್ಲಿ ಮೊದಲ ವಾರವೇ ನೋಡಿದ್ದೆ. ಹತ್ತಿರ ಹತ್ತಿರ ಒಂದು ಗಂಟೆ ಕಾದ ಮೇಲೆ ಹೊನಲುಲು ವಿಮಾನ ನಿಲ್ದಾಣದಲ್ಲಿ ಗಾಡ್ಜಿಲ್ಲಾ ಪೂರ್ತಿ ಕಾಣಿಸುತ್ತದೆ. ಮೊದಲು ಕಾಲು, ಆಮೇಲೆ ಮೆಲ್ಲಗೆ ಮೇಲಕ್ಕೆ ತಲೆ, ಆಮೇಲೆ ಆ ಘರ್ಜನೆ. ಇನ್ನೇನು ಹೊಡೆದಾಟ ಶುರು ಅನ್ನುವಷ್ಟರಲ್ಲಿ ಸೀನ್ ಕಟ್! ಯಾರದೋ ಮನೆಯ ಟಿವಿಯಲ್ಲಿ ಆ ಜಗಳದ ತುಣುಕು, ಅಷ್ಟೇ. ನನ್ನ ಹಿಂದಿನ ಸೀಟಿನವನು “ದುಡ್ಡು ಕೊಟ್ಟಿದ್ದೀವಿ, ತೋರ್ಸ್ರಪ್ಪಾ” ಅಂತ ಕೂಗಿದ. ಇಡೀ ಹಾಲ್ ನಕ್ಕಿತು. ಕೊನೆಯಲ್ಲಿ ಕತ್ತಲು, ಹೊಗೆ. ಅದರೊಳಗೆ ಬಾಲದಿಂದ ಶುರುವಾಗಿ ಬೆನ್ನಿನ ಮುಳ್ಳುಗಳು ನೀಲಿಯಾಗಿ ಹೊತ್ತಿಕೊಂಡವು. ಮೊದಲ ಶಿಳ್ಳೆ ಅವನದೇ.

— 16 ಕೋಟಿ ಡಾಲರ್ ಸಿನಿಮಾ. ಎರಡು ಗಂಟೆಯಲ್ಲಿ ಗಾಡ್ಜಿಲ್ಲಾ ಇರುವುದು ಸುಮಾರು 8 ನಿಮಿಷ. ಅದನ್ನಾದರೂ ಸಹಿಸಿಕೊಳ್ಳಬಹುದು. ನಟ ಬ್ರಯಾನ್ ಕ್ರ್ಯಾನ್‌ಸ್ಟನ್ ಇದ್ದಾರೆ ಅಂತ ಹೋದೆ, ಅವರನ್ನು ಅರ್ಧಕ್ಕೂ ಮೊದಲೇ ಸಾಯಿಸಿಬಿಟ್ಟರು. ಆಮೇಲೆ ಮನುಷ್ಯರ ಕಥೆಗೆ ಉಪ್ಪೂ ಇಲ್ಲ, ಖಾರವೂ ಇಲ್ಲ.

— ಮಕ್ಕಳ ಬಗ್ಗೆ ಒಂದು ಮಾತು. ನನ್ನ ಮಗಳು ಪ್ರಾಣಿಗಳಿಗೆ ಹೆದರಲೇ ಇಲ್ಲ. ಶುರುವಿನಲ್ಲಿ ಅಣು ಸ್ಥಾವರದ ಬಾಗಿಲು ಮುಚ್ಚಿ, ಹೀರೋನ ಅಮ್ಮ ಒಳಗೇ ಉಳಿದುಬಿಡುತ್ತಾಳಲ್ಲ, ಅಲ್ಲಿ ಅತ್ತಳು. ಆ ಸೀನಿಗೆ ಪಕ್ಕದಲ್ಲಿ ಕೂತಿರಿ.

— ಹಗಲು ಹಾಕಬೇಡಿ. ಕರ್ಟನ್ ಎಳೆದು, ಸೌಂಡ್ ಜಾಸ್ತಿ ಇಡಿ. ಫೋನಿನಲ್ಲಂತೂ ಬೇಡವೇ ಬೇಡ. ಮಗನಿಗೆ ಸುಮ್ನೆ ಹೊಡೆದಾಟ ಸಾಕು ಅಂದರೆ 2021ರ ‘ಗಾಡ್ಜಿಲ್ಲಾ ವರ್ಸಸ್ ಕಾಂಗ್’ ಹಾಕಿ, ಅದರಲ್ಲಿ ಇಷ್ಟು ಕಾಯಿಸುವುದಿಲ್ಲ. ನೀವು ದೊಡ್ಡವರು ಆಮೇಲೆ 2023ರ ಜಪಾನಿನ ‘ಗಾಡ್ಜಿಲ್ಲಾ ಮೈನಸ್ ಒನ್’ ನೋಡಿ. ಒಂದೂವರೆ ಕೋಟಿ ಡಾಲರಿಗಿಂತ ಕಡಿಮೆ ಖರ್ಚು, ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ಅದರಲ್ಲಿ ಮನುಷ್ಯರಿಗಾಗಿಯೂ ಜೀವ ಹಿಡಿದು ಕೂರುತ್ತೀರಿ.

— ಕೇಳಿದ್ದು ನಾನೇ. ನೋಡಿಯಾಯ್ತು, ಎಲ್ಲರಿಗೂ ಥ್ಯಾಂಕ್ಸ್. ಮಗ “ಬಂತಾ? ಬಂತಾ?” ಅಂತ ತಲೆ ತಿಂದ, ಆದರೆ ಎದ್ದು ಹೋಗಲಿಲ್ಲ. ಅಮ್ಮನ ಸೀನಿನಲ್ಲಿ ನನ್ನ ಕೈ ಹಿಡಿದುಕೊಂಡ, ಹೇಳಿದ್ದು ಒಳ್ಳೆಯದಾಯ್ತು. ಈಗ ಅವನದು ಒಂದೇ ಪ್ರಶ್ನೆ: ಆ ಎದುರಾಳಿ ಪ್ರಾಣಿ ಮ್ಯೂಟೋ ಬಾಂಬ್ ತಿಂತು, ಗಾಡ್ಜಿಲ್ಲಾ ಏನೂ ತಿನ್ನಲೇ ಇಲ್ವಲ್ಲ, ಹಸಿವಾಗಲ್ವಾ?