ಪದಚರ್ಚೆ: ಡೆಡ್ ಕಾಯಿನ್‌ಗೆ ‘ಸತ್ತ ನಾಣ್ಯ’ವೋ ‘ಸಲ್ಲದ ನಾಣ್ಯ’ವೋ?

ಎಲ್ಲರಿಗೂ ನಮಸ್ಕಾರ. ಕ್ರಿಪ್ಟೊ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಡೆಡ್ ಕಾಯಿನ್ (ಬಳಕೆ ನಿಂತ ಕ್ರಿಪ್ಟೊ ನಾಣ್ಯ) ಎಂಬುದಕ್ಕೆ ‘ಸತ್ತ ನಾಣ್ಯ’ ಎಂದು ಬರೆದೆ. ಮುಂದಿನ ಪುಟದಲ್ಲೇ ಅಂಥದೊಂದನ್ನು ರಿವೈವ್ ಮಾಡಿದರು ಎಂದು ಬರುತ್ತದೆ. ‘ಸವಕಲು ನಾಣ್ಯ’, ‘ಸಲ್ಲದ ನಾಣ್ಯ’ ಇವುಗಳಲ್ಲಿ ಯಾವುದಾದರೂ ಹೊಂದೀತೆ?

ಉತ್ತರ:

ಸರ್, ‘ಸವಕಲು’ ಬೇಡ. ಕೈಯಿಂದ ಕೈಗೆ ಓಡಾಡಿ ಮುದ್ರೆ ಅಳಿಸಿಹೋದದ್ದು ಸವಕಲು. ಇವು ಓಡಾಟವೇ ಇಲ್ಲದೆ ಕೆಟ್ಟವು. ‘ಸಲ್ಲದ ನಾಣ್ಯ’ ಒಳ್ಳೆಯ ಮಾತು. ಬಸವಣ್ಣನವರ ಕಮ್ಮಟದ (ಟಂಕಸಾಲೆಯ) ವಚನದ ಕಾಲದಿಂದಲೂ ನಾಣ್ಯಕ್ಕೆ ‘ಸಲ್ಲು’ ಹೊಂದಿಕೊಂಡೇ ಬಂದಿದೆ. ಆದರೆ ಅದನ್ನು ಕೊಳ್ಳುವವರಿಲ್ಲದ ನಾಣ್ಯಕ್ಕೆ ಮಾತ್ರ ಬಳಸಿ, ಏಕೆಂದರೆ ಡೆಡ್ ಕಾಯಿನ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕಾಯಿಲೆಗಳಿವೆ.

ಚೈನೇ, ಅಂದರೆ ವಹಿವಾಟಿನ ಲೆಕ್ಕವಿಡುವ ಬ್ಲಾಕುಗಳ ಸರಪಳಿಯೇ, ನಿಂತುಹೋಗುವುದು ಒಂದು. ಬಿಟ್‌ಕಾಯಿನ್ ಕೋಡನ್ನು ಇದ್ದಂತೆ ನಕಲಿಸಿದ ನಾಣ್ಯಗಳಲ್ಲಿ ಮೈನಿಂಗ್ (ಕಂಪ್ಯೂಟರ್ ಲೆಕ್ಕದಿಂದ ಹೊಸ ಬ್ಲಾಕ್ ಸೇರಿಸುವ ಕೆಲಸ) ಡಿಫಿಕಲ್ಟಿ, ಅಂದರೆ ಆ ಲೆಕ್ಕದ ಕಷ್ಟ, ಬದಲಾಗುವುದು 2016 ಬ್ಲಾಕಿಗೊಮ್ಮೆ. ಬೆಲೆ ಬಿದ್ದು ಮೈನಿಂಗ್ ಬಲದ ಹತ್ತರಲ್ಲಿ ಒಂಬತ್ತು ಪಾಲು ಹೊರಟುಹೋದರೆ 10 ನಿಮಿಷದ ಬ್ಲಾಕಿಗೆ 100 ನಿಮಿಷ ಹಿಡಿಯುತ್ತದೆ. ಎರಡು ವಾರದ ಅವಧಿ 20 ವಾರ ಎಳೆಯುತ್ತದೆ. ಅಷ್ಟು ದಿನ ಉಳಿದವರೂ ಕಾಯುವುದಿಲ್ಲ. ಇದನ್ನು ‘ನಿಂತ ನಾಣ್ಯ’ ಎನ್ನಿ. ಯಾರದಾದರೂ ಡಿಸ್ಕಿನಲ್ಲಿ ಲೆಕ್ಕವೆಲ್ಲ ಉಳಿದಿದ್ದರೆ ‘ಮತ್ತೆ ಚಾಲೂ ಮಾಡಿದರು’ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಕೋಡನ್ನು ಕಂಪೈಲ್ ಮಾಡಿ ಕನಿಷ್ಠ ಎರಡು ನೋಡ್‌ಗಳನ್ನು (ಆ ಕೋಡ್ ಓಡಿಸುವ ಕಂಪ್ಯೂಟರ್‌ಗಳನ್ನು) ಜೋಡಿಸಬೇಕು. ಒಂಟಿ ನೋಡ್ ಮೈನಿಂಗ್‌ಗೆ ಬ್ಲಾಕ್ ಕೊಡುವುದಿಲ್ಲ. ಕೊನೆಯ ಬ್ಲಾಕಿಗೆ 24 ಗಂಟೆ ಮೀರಿದ್ದರೆ ನೋಡ್ ತಾನಿನ್ನೂ ಹಳೆಯ ಬ್ಲಾಕ್ ಇಳಿಸಿಕೊಳ್ಳುತ್ತಿದ್ದೇನೆ ಎಂದೇ ಎಣಿಸಿ ಸುಮ್ಮನಿರುತ್ತದೆ. ಮ್ಯಾಕ್ಸ್‌ಟಿಪ್‌ಏಜ್ ಎಂಬ ಸೆಟ್ಟಿಂಗ್‌ನಲ್ಲಿ ಈ ಮಿತಿ ಏರಿಸಿದರೆ ಆ ತಡೆ ಹೋಗುತ್ತದೆ. ಡಿಫಿಕಲ್ಟಿ ಇಳಿಸುವುದಕ್ಕೆ ಮಾತ್ರ ಹಾರ್ಡ್ ಫೋರ್ಕ್ (ಹಳೆಯ ಕೋಡಿಗೆ ಹೊಂದದ ನಿಯಮ ಬದಲಾವಣೆ) ಬೇಕು, ಉಳಿದವರೆಲ್ಲ ಒಪ್ಪಬೇಕು.

ನಿಲ್ಲುವ ಮುಂಚೆಯೇ ಉಳಿಸಿಕೊಂಡದ್ದೂ ಇದೆ. ಡೋಜ್‌ಕಾಯಿನ್ 2014ರ ಸೆಪ್ಟೆಂಬರಿನಲ್ಲಿ ಲೈಟ್‌ಕಾಯಿನ್ ಜೊತೆ ಮರ್ಜ್ಡ್ ಮೈನಿಂಗ್‌ಗೆ ಬಂತು: ಒಂದೇ ಸ್ಕ್ರಿಪ್ಟ್ (scrypt ಎಂಬ ಮೈನಿಂಗ್ ವಿಧಾನದ) ಲೆಕ್ಕ, ಎರಡೂ ಚೈನಿಗೆ ಜಮಾ. ‘ಜೋಡಿ ಮೈನಿಂಗ್’ ಎನ್ನಬಹುದು. ಇದು ಚೇತರಿಕೆ, ಪುನರ್ಜನ್ಮವಲ್ಲ.

ಇನ್ನೊಂದು, ಚೈನ್ ಓಡುತ್ತಿದ್ದರೂ ನಂಬಿಕೆ ಹೋಗುವುದು. ಬಿಟ್‌ಕಾಯಿನ್ ಗೋಲ್ಡ್ ಎಂಬ ನಾಣ್ಯದ ಮೇಲೆ 2018ರ ಮೇ ತಿಂಗಳಲ್ಲಿ 51% ದಾಳಿ (ಮೈನಿಂಗ್ ಬಲದ ಅರ್ಧಕ್ಕಿಂತ ಹೆಚ್ಚು ಪಾಲು ದಾಳಿಕೋರರ ಕೈಗೆ ಸೇರುವುದು) ನಡೆಯಿತು. ದಾಳಿಕೋರರು ಎಕ್ಸ್‌ಚೇಂಜ್‌ಗೆ ಕಟ್ಟಿದ ನಾಣ್ಯವನ್ನೇ ಚೈನಿನ ಇತ್ತೀಚಿನ ಬ್ಲಾಕ್‌ಗಳನ್ನು ಬದಲಿಸಿ ಮತ್ತೆ ಖರ್ಚು ಮಾಡಿದರು. 2020ರ ಜನವರಿಯಲ್ಲಿ ಪುನಃ ಅದೇ ಆಯಿತು. ನಾಣ್ಯದ ಸ್ವಂತ ಬಲವನ್ನು ಮೀರುವಷ್ಟು ಹ್ಯಾಶ್ ಬಲ (ಮೈನಿಂಗ್ ಬಲ) ಅಗ್ಗದ ಬಾಡಿಗೆಗೆ ಸಿಗುವವರೆಗೂ ಕೋಡ್ ತಿದ್ದುಪಡಿ ತಾತ್ಕಾಲಿಕವೇ.

ಮೂರನೆಯದು, ನಾಣ್ಯಗಳ ಸಂಖ್ಯೆ ವಿಪರೀತ ಹೆಚ್ಚಿ ಬೆಲೆ ಕರಗುವುದು. ಟೆರಾ ಎಂಬ ಚೈನಿನ ನಾಣ್ಯ ಲೂನಾ 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಸುಮಾರು 35 ಕೋಟಿಯಿಂದ 6.5 ಲಕ್ಷ ಕೋಟಿ ನಾಣ್ಯಗಳಿಗೆ ಉಬ್ಬಿತು. ಅದು ‘ದಿವಾಳಿಯಾದ ನಾಣ್ಯ’. ಮೇ 28ರಂದು ಬಂದದ್ದು ಬೇರೆಯೇ ಚೈನ್. ಹಳೆಯದು ಲೂನಾ ಕ್ಲಾಸಿಕ್ ಹೆಸರಲ್ಲಿ ಪಕ್ಕದಲ್ಲೇ ಓಡುತ್ತಿತ್ತು. ಅದಕ್ಕೆ ರಿವೈವ್ ಎಂದಿದ್ದರೆ ದಯವಿಟ್ಟು ‘ಹೊಸ ನಾಣ್ಯ ಹಂಚಿದರು’ ಎಂದೇ ಬರೆಯಿರಿ. ನಿಮ್ಮ ಲೇಖನದಲ್ಲಿರುವುದು ಯಾವ ನಾಣ್ಯ?