ಅಪ್‌ಡೇಟ್: ಇಂಕು ಒಣಗಿತು, ಪ್ರಿಂಟ್‌ಗಳು ಗೋಡೆ ಏರಿದವು

ಹೋದ ತಿಂಗಳು ಕೇಳಿದ್ದೆ: ವರ್ಷದ ಕೊನೆಯ ಪ್ರದರ್ಶನಕ್ಕೆ ಮಾಡಿದ ಮೈಸೂರು ದೇವರಾಜ ಮಾರುಕಟ್ಟೆಯ ವುಡ್‌ಕಟ್‌ಗಳ (ಮರದ ಹಲಗೆ ಕೆತ್ತಿ, ಇಂಕು ಹಚ್ಚಿ ಕಾಗದಕ್ಕೆ ಒತ್ತಿದ ಚಿತ್ರಗಳ) ಇಂಕು ಒಣಗುತ್ತಿಲ್ಲ, 14 ಪ್ರಿಂಟನ್ನೂ ಹಾಕಬೇಕಾ ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಎಣ್ಣೆ ಇಂಕು ಗಾಳಿಯ ಆಮ್ಲಜನಕ ಸೇರಿ ಗಟ್ಟಿಯಾಗುತ್ತದೆ ಎಂದು ನೀವು ಹೇಳಿದ ಮೇಲೆ ಹಾಳೆಗಳ ರಾಶಿ ಬಿಡಿಸಿ, ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದೆ. ಒಣಗಿದವು. ಕಪ್ಪು ದಪ್ಪಗೆ ಬಿದ್ದಿದ್ದ ಒಂದು ಮಾತ್ರ ಇನ್ನೂ ಅಂಟುತ್ತಿದೆ.

ಗೋಡೆಗೆ 9 ಸಾಕಾಯಿತು. ಬಾಳೆಎಲೆ ಅಂಗಡಿಯದ್ದನ್ನು ತೆಗೆಯುವಾಗ ತುಂಬಾ ಸಂಕಟವಾಯಿತು. ಮೂರು ವಾರ ಕೂತು ಕೆತ್ತಿದ್ದು, ಅಲ್ವಾ? ಆದರೆ ಅದರ ಪಕ್ಕ ಹೂ ಕಟ್ಟುವ ಅಜ್ಜಿಯ ಕೈಗಳು ಕಾಣುತ್ತಲೇ ಇರಲಿಲ್ಲ. ಈಗ ಆ ಕೈಗಳ ಸುತ್ತ ಬರೀ ಬಿಳಿ ಗೋಡೆ.

ಪೆನ್ಸಿಲ್‌ನಲ್ಲಿ ಎಡಕ್ಕೆ 1/10 (ಅಂದರೆ ಹತ್ತು ಪ್ರತಿಗಳಲ್ಲಿ ಮೊದಲನೆಯದು), ಬಲಕ್ಕೆ ಸಹಿ ಹಾಕಿದೆ. ನಾಳೆ ಅಮ್ಮ ನೋಡಲು ಬರುತ್ತಾರೆ.